ಮೇಲ್ಮನೆಯ ಮೀನು

ನಮ್ಮ ಅಮ್ಮನಿಗೆ ಎಂಬತ್ತಾರು. ಕಣ್ಣಿನ ಪೊರೆ ತೆಗೆಸಿದ್ದಾಯಿತು, ಮಂಡಿ ಎರಡೂ ಸ್ವಯಂನಿವೃತ್ತಿ ತೆಗೆದುಕೊಂಡವು, ಕಿವಿ ತನಗೆ ಬೇಕೆನಿಸಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಮೂಗು ಒಂದೇ ಇನ್ನೂ ಪೂರ್ಣ ಸೇವೆಯಲ್ಲಿರುವುದು. ಮೂರು ಮನೆ ಆಚೆ ಸಾರಿನ ಒಗ್ಗರಣೆ ಸೀದರೆ ಇಲ್ಲಿ ಕೂತೇ “ಇಂಗು ಹಾಕೋದು ತಡ ಮಾಡಿದಳು” ಎಂದು ತೀರ್ಪು ಕೊಡುತ್ತಾಳೆ. ಅಂಥ ಮೂಗು ಉತ್ಥಾನ ಏಕಾದಶಿಯ ಬೆಳಿಗ್ಗೆ ಏಳೂವರೆಗೆ, ಜಪಮಣಿಯನ್ನು ಅರ್ಧಕ್ಕೇ ನಿಲ್ಲಿಸಿ, ಗಾಳಿಯಲ್ಲಿ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಆಡಿತು.

“ಮೀನು,” ಅಂದಳು ಅಮ್ಮ.

ನಾನು ಪೇಪರು ಕೆಳಗಿಟ್ಟೆ. ನಮ್ಮ ಮನೆಗೂ ಮೀನಿಗೂ ಇರುವ ಸಂಬಂಧ ದಶಾವತಾರದ ಮೊದಲನೇ ಹೆಸರಿಗೇ ಮುಗಿಯುತ್ತದೆ.

“ಯಾರೋ ಮೀನು ಹುರೀತಿದಾರೆ ಕಣೋ. ಅದೂ ಏಕಾದಶಿ ದಿನ.”

‘ಯಾರೋ’ ಎಂಬುದು ಬರೀ ವ್ಯಾಕರಣದ ಮರ್ಯಾದೆ. ಅವಳ ಕಣ್ಣು ನೆಟ್ಟಗೆ ಸೂರಿನ ಮೇಲಿತ್ತು. ಸೂರಿನ ಮೇಲೆ, ಅಂದರೆ ನಮ್ಮ ಸರಸ್ವತಿಪುರಂ ಮನೆಯ ಮಹಡಿಯಲ್ಲಿ, ಉಡುಪಿ ಕಡೆಯ ಒಬ್ಬ ಹುಡುಗ ಬಾಡಿಗೆಗಿದ್ದಾನೆ. ಮನೆ ನೋಡಲು ಬಂದಾಗ ನನ್ನ ಹೆಂಡತಿ “ಅಡುಗೆ ಏನು ಮಾಡ್ಕೋತೀಯಪ್ಪ?” ಎಂದು ಕೇಳಿದ್ದಳು. ಪ್ರಶ್ನೆ ಒಂದು, ಅರ್ಥ ಎರಡು. ಹುಡುಗ ಜಾಣ. “ಗಂಜಿ, ಚಟ್ನಿ, ಆಂಟಿ” ಅಂದ. ಹತ್ತು ತಿಂಗಳ ಅಡ್ವಾನ್ಸನ್ನು ಒಂದೇ ಕಂತಿನಲ್ಲಿ ಎಣಿಸಿಕೊಟ್ಟದ್ದರಿಂದ ಗಂಜಿಯಲ್ಲಿ ನಮಗೂ ಪೂರ್ಣ ವಿಶ್ವಾಸ ಬಂತು.

ನಾನೂ ಮೂಸಿ ನೋಡಿದೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಹಳೇ ಕಡತಗಳ ಧೂಳು ಕುಡಿದ ಮೂಗು ನನ್ನದು. ಯಾರಾದರೂ ಇಂಥ ವಾಸನೆ ಎಂದು ಹೇಳಿಕೊಟ್ಟರೆ ಮಾತ್ರ ಹಿಡಿಯುತ್ತದೆ. ಹೇಳಿಕೊಟ್ಟದ್ದರಿಂದ ಹಿಡಿಯಿತು. ಹೌದು, ಮೀನೇ. ಸ್ವಲ್ಪ ಸೀದ ಮೀನು.

ಮಾರನೇ ದಿನ, ದ್ವಾದಶಿ, ವಾಸನೆ ಇಲ್ಲ. ತ್ರಯೋದಶಿ ಇಲ್ಲ. ಹದಿನೈದು ದಿನಕ್ಕೆ ಮುಂದಿನ ಏಕಾದಶಿ ಬಂತು, ಮೀನೂ ಬಂತು. ಅಮ್ಮನ ಪ್ರಕಾರ ಇದರಲ್ಲಿ ಇನ್ನು ಅನುಮಾನಕ್ಕೆ ಎಡೆಯೇ ಇಲ್ಲ: ಹುಡುಗ ತಿಥಿ ನೋಡಿಕೊಂಡೇ ಹುರಿಯುತ್ತಿದ್ದಾನೆ.

“ಅವನಿಗೆಲ್ಲಿ ಪಂಚಾಂಗ ನೋಡೋಕೆ ಬರತ್ತೆ ಅತ್ತೆ?” ಅಂದಳು ನನ್ನ ಹೆಂಡತಿ.

“ಈಗ ಅದೂ ಮೊಬೈಲಲ್ಲೇ ಇರತ್ತಂತಲ್ಲ.”

ಇಷ್ಟಾದರೂ ಮಹಡಿ ಹತ್ತಿ ಕೇಳುವ ಧೈರ್ಯ ಯಾರಿಗೂ ಇಲ್ಲ. ಅಡ್ವಾನ್ಸು ವಾಪಸು ಕೊಡಬೇಕಾದೀತಲ್ಲ! ಅದು ಆಗಲೇ ನಮ್ಮ ನೀರಿನ ಸಂಪಿನ ರಿಪೇರಿಯಲ್ಲಿ ಮುಳುಗಿಹೋಗಿತ್ತು. ಹುಡುಗ ಮೆಟ್ಟಿಲಲ್ಲಿ ಸಿಕ್ಕಿ “ಅಜ್ಜಿ, ಊಟ ಆಯ್ತಾ?” ಎಂದರೆ ಅಮ್ಮ “ಇವತ್ತು ಏಕಾದಶಿ. ನಮ್ಮಲ್ಲಿ ಕೆಲವರು ಆಚರಿಸ್ತೀವಿ” ಎಂದು ಒತ್ತಿ ಹೇಳಿ ಒಳಗೆ ಬರುತ್ತಿದ್ದಳು. ಅವನು ಪಾಪ, ಭಕ್ತಿಯಿಂದ ತಲೆಯಾಡಿಸುತ್ತಿದ್ದ.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ ನನ್ನ ವಿದ್ಯುತ್ ಪಾಂಡಿತ್ಯದ ಬಗ್ಗೆ ಹೇಳಬೇಕು. ಜೇಬಿಗೆ ಪೆನ್ನಿನಂತೆ ಸಿಕ್ಕಿಸಿಕೊಳ್ಳುವ ಟೆಸ್ಟರ್ ನನ್ನ ಹತ್ತಿರ ಮೂರಿವೆ. ಹಳದಿ ಹಿಡಿಯ ಕಟಿಂಗ್ ಪ್ಲೈಯರ್ ಇದೆ. ಒಂದು ಡಬ್ಬಿ ತುಂಬ ವೈರಿನ ತುಂಡುಗಳಿವೆ, ಅವು ಯಾವುದರಿಂದ ಬಂದವು ಎಂದು ನನಗೂ ಗೊತ್ತಿಲ್ಲ. ಬೀದಿಯಲ್ಲಿ ಯಾರ ಮನೆಯ ಫ್ಯಾನು ನಿಂತರೂ ಕರೆಯದೇ ಹೋಗಿ, ಟೆಸ್ಟರ್ ಚುಚ್ಚಿ, ಅದರ ಪುಟ್ಟ ದೀಪ ಹತ್ತಿದರೆ “ಫೇಸ್ ಇದೆ” ಎಂದೂ ಹತ್ತದಿದ್ದರೆ “ಫೇಸ್ ಇಲ್ಲ” ಎಂದೂ ಹೇಳಿ ಕಾಫಿ ಕುಡಿದು ಬರುತ್ತೇನೆ. ಫ್ಯಾನು ಆಮೇಲೂ ತಿರುಗುವುದಿಲ್ಲ. ಅದು ಬೇರೆ ವಿಷಯ.

ಈ ವಿದ್ಯೆ ಪಿತ್ರಾರ್ಜಿತ. ಅಪ್ಪ ಈ ಮನೆ ಕಟ್ಟಿಸಿದ್ದು 1972ರಲ್ಲಿ. ಆಗ ವೈರಿಂಗ್ ಎಂದರೆ ಗೋಡೆಯ ಮೇಲೆ ತೇಗದ ಪಟ್ಟಿ, ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪುಗಳಲ್ಲಿ ಬಿಗಿದ ವೈರು, ಕೊನೆಯಲ್ಲಿ ಕಪ್ಪು ಬೇಕಲೈಟಿನ ದುಂಡನೆಯ ಸ್ವಿಚ್ಚು. ವೈರಿನೊಳಗೆ ಅಲ್ಯೂಮಿನಿಯಂ, ತಾಮ್ರ ಆಗ ಸುಲಭಕ್ಕೆ ಸಿಗುತ್ತಲೂ ಇರಲಿಲ್ಲ, ಕೈಗೆಟುಕುತ್ತಲೂ ಇರಲಿಲ್ಲ. ಕೂಲಿ ಪಾಯಿಂಟಿಗೆ ಇಷ್ಟು ಎಂಬ ಲೆಕ್ಕವಾದ್ದರಿಂದ ಅಪ್ಪ ಒಂದೊಂದು ಪಾಯಿಂಟಿಗೂ ಮೂರು ದಿನ ಯೋಚಿಸಿದ್ದರಂತೆ. ಅಡುಗೆಮನೆಗೆ ಒಂದು ಲೈಟು, ಒಂದು 5 ಆಂಪಿಯರಿನ ಪ್ಲಗ್ಗು. “ಅಡುಗೆಮನೆಗೆ ಪ್ಲಗ್ ಯಾಕೋ?” ಎಂದು ಅಜ್ಜಿ ಕೇಳಿದಾಗ “ಮುಂದೆ ಬೇಕಾಗಬಹುದು” ಅಂದರಂತೆ. ಆರು 40 ವ್ಯಾಟಿನ ಬಲ್ಬು, ಒಂದು ಟ್ಯೂಬ್‌ಲೈಟು, ಒಂದು ಫ್ಯಾನು, ಬೆಚ್ಚಗಾದ ಮೇಲೆ ಮಾತಾಡುವ ಒಂದು ರೇಡಿಯೋ. ಎಲ್ಲ ಒಟ್ಟಿಗೆ ಹಾಕಿದರೂ ಮನೆ ನಾನೂರು ವ್ಯಾಟು ದಾಟುತ್ತಿರಲಿಲ್ಲ.

ರೇಡಿಯೋದ ಪ್ಲಗ್ ಒಡೆದಾಗ ಅಪ್ಪ ಹೊಸದು ತರಲಿಲ್ಲ. ವೈರಿನ ಎರಡು ತುದಿಯ ಸಿಪ್ಪೆ ಹಲ್ಲಿನಿಂದ ಸುಲಿದು, ಸಾಕೆಟ್ಟಿನ ಎರಡು ತೂತಿಗೆ ಇಳಿಸಿ, ಜಾರದ ಹಾಗೆ ಒಂದೊಂದು ಬೆಂಕಿಕಡ್ಡಿ ತುರುಕಿದರು. ದಿನಾ ಸಂಜೆ ದೇವರಿಗೆ ದೀಪ ಹಚ್ಚಿ, ಮನೆಗೆ ಅಗ್ನಿಭಯ ಬಾರದಿರಲಿ ಎಂದು ಕೈಮುಗಿದು, ಅದೇ ಬೆಂಕಿಪೊಟ್ಟಣದ ಉಳಿದ ಕಡ್ಡಿಯನ್ನು ಕರೆಂಟಿನ ಬಾಯಿಗೆ ಇಡುತ್ತಿದ್ದ ಮನುಷ್ಯ. ಮದ್ದಿನ ತಲೆ ಹೊರಗಡೆಗಿರಬೇಕು ಎಂಬುದೊಂದು ನಿಯಮವಿತ್ತು. ನಮ್ಮ ಮನೆಯ ಸುರಕ್ಷತಾ ಕ್ರಮಗಳ ಪೈಕಿ ನನಗೆ ನೆನಪಿರುವುದು ಅದೊಂದೇ.

ಅವರಿಂದ ನಾನು ಕಲಿತದ್ದು ಫ್ಯೂಸ್ ಕಟ್ಟುವುದು. ಪಿಂಗಾಣಿ ಫ್ಯೂಸಿಗೆ ಅಂಗಡಿಯವನು ಕೊಡುವ ತಂತಿ ಕೂದಲಿನಷ್ಟು ಸಣ್ಣ, ಒಂದು ಮಳೆಗಾಲದಲ್ಲಿ ನಾಲ್ಕು ಸಲ ಹೋಗುತ್ತಿತ್ತು. ನಾನು ಹಳೇ ವೈರಿನ ತಾಮ್ರದ ಎಳೆ ಮೂರನ್ನು ಹುರಿ ಮಾಡಿ ಕಟ್ಟಿದೆ. ಆಮೇಲೆ ಅದು ಹತ್ತು ವರ್ಷ ಹೋಗಲಿಲ್ಲ. ಸೋದರಮಾವ ಬೆನ್ನು ತಟ್ಟಿ “ಇವನನ್ನು ಎಂಜಿನಿಯರಿಂಗ್ ಓದಿಸಬೇಕು ಭಾವ” ಅಂದಿದ್ದರು. ಓದಿಸದೇ ಇದ್ದದ್ದು ರಾಜ್ಯಕ್ಕೆ ಆದ ಉಪಕಾರ.

‘ಮುಂದೆ ಬೇಕಾಗಬಹುದು’ ಎಂದ ಆ ಒಂದು ಪ್ಲಗ್ಗಿಗೆ ಕಾಲಕ್ರಮದಲ್ಲಿ ಮಿಕ್ಸಿ ಬಂತು. ಫ್ರಿಜ್ಜು ಬಂದಾಗ ಮಲ್ಟಿಪ್ಲಗ್ ಹಾಕಿದೆ. ನೀರು ಕಾಯಿಸುವ ಕೆಟಲ್ ಬಂದಾಗ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿದೆ. ಗ್ರೈಂಡರ್ ಬಂದಾಗ ಎಕ್ಸ್‌ಟೆನ್ಶನ್ನಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಹಾಕಿದೆ. ನಮ್ಮ ವಂಶ ನನ್ನ ಮಗಳೊಬ್ಬಳಿಗೇ ನಿಂತರೂ ಆ ಪ್ಲಗ್ಗಿನ ಸಂತಾನ ಫ್ರಿಜ್ಜಿನ ಹಿಂದೆ ಬೆಳೆಯುತ್ತಲೇ ಹೋಯಿತು.

ಕೊನೆಯ ಕುಡಿ ಇಂಡಕ್ಷನ್ ಒಲೆ. ಮಗಳು ಅಜ್ಜಿಗೆಂದು ತಂದುಕೊಟ್ಟದ್ದು. ಅಮ್ಮ ಅದನ್ನು ಸುತ್ತ ನೋಡಿ, ಇದರಲ್ಲಿ ಬೆಂಕಿಯೇ ಇಲ್ಲ, ಬೆಂಕಿಯೇ ಇಲ್ಲದ ಮೇಲೆ ಮುಸುರೆ ಎಲ್ಲಿಂದ ಬರಬೇಕು ಎಂದು ತರ್ಕಿಸಿ ಅದನ್ನು ಮಡಿ ಒಲೆಯಾಗಿ ಸ್ವೀಕರಿಸಿದಳು. ತೊಡಕು ಬಂದದ್ದು ಪ್ಲಗ್ಗಿನಲ್ಲಿ. ಅದರ ಪಿನ್ನುಗಳು ದಪ್ಪ, 16 ಆಂಪಿಯರಿನವು. ನಮ್ಮ ಸಾಕೆಟ್ಟಿನ ತೂತು ಸಣ್ಣ. ಇದು ತಯಾರಿಸಿದವರ ಬೇಜವಾಬ್ದಾರಿ ಎಂದು ಬೈದು, ಅಂಗಡಿಗೆ ಹೋಗಿ, ದಪ್ಪ ಪಿನ್ನನ್ನು ಸಣ್ಣ ತೂತಿಗೆ ದಾಟಿಸುವ ಕನ್ವರ್ಟರ್ ತಂದೆ. ನೂರು ರೂಪಾಯಿಯೂ ಆಗಲಿಲ್ಲ. ದಪ್ಪ ಪಿನ್ನು ಸಣ್ಣ ತೂತಿಗೆ ಹೋಗಬಾರದು ಎಂದೇ ಹಾಗೆ ಮಾಡಿರುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರ ಬೇಡ ಬೇಡ ಎನ್ನುತ್ತಿದ್ದರೆ ನಾನು ಅವನ ಕೈಗೆ ನೂರು ರೂಪಾಯಿ ಇಟ್ಟು ಒಳಗೆ ನುಗ್ಗಿದ ಹಾಗಾಯಿತು.

ಪಿಂಗಾಣಿ ಫ್ಯೂಸು ಹೋಗಿ ಆ ಹೊತ್ತಿಗೆ ಮನೆಗೆಲ್ಲ ಒಂದೇ ಒಂದು 16 ಆಂಪಿಯರಿನ ಎಂಸಿಬಿ ಬಂದಿತ್ತು. ನರಕ ಚತುರ್ದಶಿಯ ದಿನ ಅದು ತನ್ನ ಗುಣ ತೋರಿಸಿತು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಬಂದಿದ್ದರು. ಬೆಳಿಗ್ಗೆ ಐದಕ್ಕೆ ಎಲ್ಲರ ತಲೆಗೂ ಎಣ್ಣೆ. ಗೀಸರ್ ಉರಿಯುತ್ತಿದೆ, ಇಂಡಕ್ಷನ್ ಮೇಲೆ ಪಾಯಸ, ಕೆಟಲಿನಲ್ಲಿ ಕಾಫಿಗೆ ನೀರು, ಮಿಕ್ಸಿಯಲ್ಲಿ ಚಟ್ನಿ. ಐದು ನಿಮಿಷಕ್ಕೆ ‘ಟಕ್’ ಎಂದು ಇಡೀ ಮನೆ ಕತ್ತಲು. ಎತ್ತಿ ಹಾಕಿದೆ. ಮತ್ತೆ ಐದು ನಿಮಿಷಕ್ಕೆ ಟಕ್. ಅಳಿಯ ಕಣ್ಣಿಗೆ ಸೀಗೆಪುಡಿ ಬಿದ್ದು, ತಣ್ಣೀರಿನಲ್ಲಿ ನಿಂತು “ಮಾವ!” ಎಂದು ಕೂಗುತ್ತಿದ್ದಾನೆ. ಏಳು ಸಲ ಹೀಗಾಯಿತು. ಅಳಿಯನೆದುರು ಮಾವನಿಗೆ ಇದಕ್ಕಿಂತ ಅವಮಾನ ಬೇಕೆ?

“ಎಲ್ಲ ಒಟ್ಟಿಗೆ ಹಾಕಬೇಡಿ ಅಂತ ಅದು ಹೇಳ್ತಿರೋದು ರೀ,” ಅಂದಳು ಹೆಂಡತಿ. ಅವಳಿಗೆ ಕರೆಂಟು ಗೊತ್ತಿಲ್ಲ, ಸಂಸಾರ ಗೊತ್ತು.

“ನಿನಗೇನು ಗೊತ್ತು? ದಸರಾದಲ್ಲಿ ಅರಮನೆಗೆ ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹಾಕ್ತಾರೆ. ಒಂದು ಸಲವಾದರೂ ಟಕ್ ಅಂದದ್ದು ಕೇಳಿದೀಯಾ?”

ದೀಪಾವಳಿ ಮುಗಿದ ಮೇಲೆ ಅಂಗಡಿಯಿಂದ 32 ಆಂಪಿಯರಿನ ಎಂಸಿಬಿ ತಂದು ನಾನೇ ಕೂರಿಸಿದೆ. ನೋಡಲು ತಮ್ಮನಂತೆಯೇ, ಮೇಲಿನ ಅಂಕಿ ಮಾತ್ರ ದೊಡ್ಡದು. ಅಂದಿನಿಂದ ಟಕ್ ಎಂಬ ಶಬ್ದವೇ ಇಲ್ಲ. ಗೀಸರ್ ಹಾಕು, ಕೆಟಲ್ ಹಾಕು, ರುಬ್ಬು, ಬೇಯಿಸು, ಮನೆ ಶಾಂತ. ಹೆಂಡತಿ ಕೂಡ “ಪರವಾಗಿಲ್ಲವೇ!” ಅಂದಳು. ನನ್ನ ವೈವಾಹಿಕ ಜೀವನದಲ್ಲಿ ಆ ಮಾತು ಎರಡನೇ ಸಲ ಕೇಳಿದ್ದು.

ಇದಾಗಿ ಸರಿಯಾಗಿ ಹತ್ತು ದಿನಕ್ಕೆ ಉತ್ಥಾನ ಏಕಾದಶಿ. ಮೇಲ್ಮನೆಯವನು ಮೀನು ಹುರಿಯಲು ಶುರು ಮಾಡಿದ್ದು ಆವತ್ತೇ.

ಧನುರ್ಮಾಸ ಬಂತು. ಹುಡುಗ ಈಗ ಏಕಾದಶಿಗೂ ಕಾಯುತ್ತಿಲ್ಲ. ದಿನಾ ನಸುಕಿನಲ್ಲಿ, ನಮ್ಮಲ್ಲಿ ಹುಗ್ಗಿ ಬೇಯುವ ಹೊತ್ತಿಗೆ ಸರಿಯಾಗಿ, ಅವನಲ್ಲಿ ಮೀನು ಬೇಯುತ್ತದೆ. ಹುಗ್ಗಿಗೆ ಮೆಣಸು ಹೆಚ್ಚು ಹಾಕಿ ನೋಡಿದರು, ಊದುಬತ್ತಿ ಎರಡು ಕಟ್ಟು ಹಚ್ಚಿದರು. ವೈಕುಂಠ ಏಕಾದಶಿಯ ಹೊತ್ತಿಗೆ ಅಮ್ಮನ ತಾಳ್ಮೆ ತೀರಿತು. ಅಂದು ಅಡುಗೆಮನೆಯಲ್ಲಿ ಮಾಮೂಲಿ ದಿನಕ್ಕಿಂತ ಮೂರು ಪಟ್ಟು ಕೆಲಸ. ಅನ್ನವೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುವುದಕ್ಕೇ ನಮ್ಮಲ್ಲಿ ಉಪವಾಸ ಎನ್ನುವುದು: ಗೋಧಿನುಚ್ಚಿನ ಉಪ್ಪಿಟ್ಟು, ಸಾಬಕ್ಕಿ ವಡೆ, ಹೆಸರುಬೇಳೆ ಪಾಯಸ, ಬಾಳೆಹಣ್ಣಿನ ರಸಾಯನ. ವಾಸನೆಯೂ ಮೂರು ಪಟ್ಟು. “ಹೋಗಿ ಕೇಳು. ನೀನು ಹೋಗದಿದ್ದರೆ ನಾನೇ ಹತ್ತುತೀನಿ” ಎಂದು ಅಮ್ಮ ನಿವೃತ್ತ ಮಂಡಿಗಳ ಮೇಲೆ ಎದ್ದು ನಿಂತಳು.

ಹತ್ತಿದೆ. ಬಾಗಿಲು ತಟ್ಟಿದೆ. ಹುಡುಗ ಟವೆಲಿನಲ್ಲಿ ಬಂದ. ಅವನ ಕೈಯಲ್ಲಿ ಬಿಸ್ಕತ್ತು, ಒಲೆಯ ಮೇಲೆ ಏನೂ ಇಲ್ಲ. ಅದರ ಮೇಲೆ ಅವನು ಪುಸ್ತಕ ಜೋಡಿಸಿದ್ದ.

“ಏನಪ್ಪ, ತಿಂಡಿ ಆಯ್ತಾ?” ಅಂದೆ. ಬ್ಯಾಂಕಿನಲ್ಲಿ ಸಾಲ ತೀರಿಸದವರ ಮನೆಗೆ ಹೋದಾಗಲೂ ನಾನು ಹೀಗೇ ಶುರು ಮಾಡುತ್ತಿದ್ದೆ.

“ಇಲ್ಲ ಸರ್, ಕ್ಯಾಂಟೀನಲ್ಲೇ ಮಾಡೋದು. ಎಂತ ಸರ್?”

ಎಂತ ಅಂತ ಹೇಳಲಿ? ನಿಂತಲ್ಲೇ ಮೂಸಿದೆ. ಮೇಲೆ ವಾಸನೆಯೇ ಇಲ್ಲ. ಬೇರೆ ದಾರಿಯಿಲ್ಲದೆ, ಅಡ್ವಾನ್ಸನ್ನು ಮನಸ್ಸಿನಲ್ಲೇ ನೆನೆದು, “ಕೆಳಗೆ ಏನೋ ಮೀನಿನ ವಾಸನೆ ಬರ್ತಿದೆಯಪ್ಪ. ಅಮ್ಮ ಅಂತಿದಾರೆ, ನಾನಲ್ಲ” ಅಂದೆ.

ಅವನಿಗೆ ಬೇಸರವಾಗಲಿಲ್ಲ. ಮುಖ ಅರಳಿತು. ಊರು ಬಿಟ್ಟು ವರ್ಷವಾಗಿತ್ತೋ ಏನೋ. ಷರಟು ಸಿಕ್ಕಿಸಿಕೊಂಡು ನನಗಿಂತ ಮುಂದೆ ಇಳಿದ. ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಮಡಿಗೆ ತಗಲದಂತೆ ನಿಂತು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದ. ಸಂಗೀತ ಬಲ್ಲವರು ರಾಗ ಗುರುತಿಸುವ ಹಾಗೆ.

“ಬಂಗುಡೆ ಅಲ್ಲ,” ಅಂದ. ಇನ್ನೊಂದು ಉಸಿರು. “ಬೂತಾಯಿ ಅಲ್ಲವೇ ಅಲ್ಲ.” ಮೂರನೆಯದಕ್ಕೆ ಕಣ್ಣು ತೆರೆದ. “ಇದು ಮೀನೇ ಅಲ್ಲ ಮಾರಾಯ್ರೆ! ಫ್ರಿಜ್ಜಿನ ಹಿಂದೆ ಎಂತ ಉಂಟು?”

ಫ್ರಿಜ್ಜಿನ ಹಿಂದೆ ನನ್ನ ಜೀವಮಾನದ ಕೃತಿ ಇತ್ತು. ಅವನು ಫ್ರಿಜ್ಜನ್ನು ಒಂದಡಿ ಎಳೆದ. ಬಿಳಿ ಸಾಕೆಟ್ಟು ಫಿಲ್ಟರ್ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅದರ ಬಲಗಡೆಯ ತೂತು ಲಕ್ವ ಹೊಡೆದ ಬಾಯಿಯಂತೆ ಸೊಟ್ಟಗೆ ಇಳಿಬಿದ್ದಿತ್ತು. ಕನ್ವರ್ಟರಿನ ಹೊಟ್ಟೆ ಉಬ್ಬಿ, ಸೀಳಿ, ಸೀಳಿನೊಳಗೆ ಸಣ್ಣಗೆ ಚಿರ್ರ್ ಎನ್ನುತ್ತಿತ್ತು. ನಾವು ನೋಡುತ್ತಿದ್ದಂತೆ ಅಲ್ಲಿಂದ ಒಂದು ನೀಲಿ ಕಿಡಿ ಹೊರಗೆ ಇಣುಕಿ, ನನ್ನನ್ನು ಗುರುತು ಹಿಡಿದಂತೆ ಒಳಗೆ ಹೋಯಿತು. ತೇಗದ ಪಟ್ಟಿಯ ತುದಿ ಕಪ್ಪಗಾಗಿ ಹೊಗೆಯಾಡುತ್ತಿತ್ತು.

ನಾನು ತಕ್ಷಣ ಕಾರ್ಯಪ್ರವೃತ್ತನಾದೆ. ಅಂದರೆ, ಒಂದು ಚೊಂಬು ನೀರು ತುಂಬಿಕೊಂಡು ಓಡಿಬಂದೆ.

“ನೀರು ಹಾಕ್ಬೇಡಿ ಸರ್! ಶಾಕ್ ಹೊಡೀತದೆ! ಮೈನ್ ಎಲ್ಲುಂಟು? ಮೈನ್!”

ಮೈನ್ ಸ್ವಿಚ್ಚು ವರಾಂಡದಲ್ಲಿತ್ತು. ಎಲ್ಲಿ ಎಂದರೆ, ಕ್ಯಾಲೆಂಡರಿನ ಹಿಂದೆ. ಗೋಡೆಯಲ್ಲಿ ಬೇರೆ ಮೊಳೆಯಿಲ್ಲವೆಂದು ನಾನು ಮೈನಿನ ಪೆಟ್ಟಿಗೆಯ ತಲೆಗೇ ಕ್ಯಾಲೆಂಡರ್ ನೇತುಹಾಕುವ ಪದ್ಧತಿ. ದೇವರ ಚಿತ್ರವಿರುವುದನ್ನು ಎಸೆಯಬಾರದೆಂದು ಹೊಸದನ್ನು ಹಳೆಯದರ ಮೇಲೇ. ಒಂದು ಲಕ್ಷ್ಮಿ, ಎರಡು ವೆಂಕಟರಮಣ, ಒಬ್ಬ ಗಣಪತಿಯನ್ನು ಎತ್ತಿದ ಮೇಲೆ ಸ್ವಿಚ್ಚು ಕಂಡಿತು. ಮೇಲೆ ಎತ್ತಿದರೆ ಆಫೋ ಕೆಳಗೆ ಎಳೆದರೆ ಆಫೋ ಎಂದು ನಾನು ಯೋಚಿಸುವಷ್ಟರಲ್ಲಿ ಹೆಂಡತಿ ನನ್ನನ್ನು ಪಕ್ಕಕ್ಕೆ ತಳ್ಳಿ ಎಳೆದಳು. ಹುಡುಗ ತನ್ನ ಬೈಕಿನ ಪಕ್ಕ ಬಿದ್ದಿದ್ದ ಮರಳನ್ನು ಬೊಗಸೆಯಲ್ಲಿ ತಂದು ಪಟ್ಟಿಯ ತುದಿಗೆ ಎರಚಿದ. ಹೊಗೆ ನಿಂತಿತು. ಮನೆಯೆಲ್ಲ ಕತ್ತಲು, ನಿಶ್ಶಬ್ದ. ಪಕ್ಕದ ಬೀದಿಯ ದೇವಸ್ಥಾನದಲ್ಲಿ ವೈಕುಂಠದ್ವಾರ ತೆಗೆದ ಗಂಟೆ ಕೇಳಿಸುತ್ತಿತ್ತು. ನಾವು ಅಲ್ಲಿಗೆ ಸಾಲಿನಲ್ಲಿ ನಿಲ್ಲದೆ, ಅಡುಗೆಮನೆಯ ಮೂಲಕವೇ ನೇರವಾಗಿ ಹೋಗಲಿದ್ದೆವು ಎಂದು ನನಗೆ ಅರಿವಾದದ್ದು ಆಗ.

ಎಲೆಕ್ಟ್ರಿಷಿಯನ್ ಬಂದ. ವಯಸ್ಸಾದವನು, ಕಿವಿಯ ಮೇಲೆ ಬೀಡಿ, ಮಾತು ಕಡಿಮೆ. ಪ್ರಪಂಚದ ಎಲ್ಲ ಎಲೆಕ್ಟ್ರಿಷಿಯನ್ನರಂತೆ ಬೋರ್ಡ್ ಬಿಚ್ಚಿದ ಕೂಡಲೇ ಕೇಳಿದ: “ಯಾರು ಸ್ವಾಮಿ ಈ ಕೆಲಸ ಮಾಡಿದೋನು?”

“ಯಾರೋ ಹಳಬ,” ಅಂದೆ. ಸುಳ್ಳೇನಲ್ಲ, ನನಗೆ ಅರವತ್ತಾರು.

“ಅಲ್ಯೂಮಿನಿಯಂಗೆ ತಾಮ್ರ ತಿರುಚಿ ಬರೀ ಟೇಪ್ ಸುತ್ತವ್ನೆ. ಇವೆರಡೂ ಒಂದಕ್ಕೊಂದು ಹೊಂದೋದಿಲ್ಲ ಸ್ವಾಮಿ. ಕಾದಾಗ ಒಂದು ಜಾಸ್ತಿ ಹಿಗ್ಗುತ್ತೆ, ಒಂದು ಕಡಿಮೆ. ಹಿಗ್ಗಿ ಕುಗ್ಗಿ ಹಿಗ್ಗಿ ಕುಗ್ಗಿ ಜಾಯಿಂಟು ಸಡಿಲ. ಸಡಿಲ ಆದ್ರೆ ಇನ್ನೂ ಕಾವು. ಅವನು ಸಿಕ್ಕಿದ್ರೆ ಕೈ ಕಡೀಬೇಕು.”

ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅವಳ ದೊಡ್ಡತನ, ಏನೂ ಹೇಳಲಿಲ್ಲ. ಎಂಸಿಬಿಯ ಡಬ್ಬಿ ಬಿಚ್ಚುವವರೆಗೆ ಮಾತ್ರ.

“ಅಯ್ಯಯ್ಯೋ, 32! ಇದನ್ನು ಯಾರು ಹಾಕಿದ್ದು?”

“ಇವರೇ!” ಅಂದಳು.

ಅವನು ಬೀಡಿಯನ್ನು ಕಿವಿಯಿಂದ ತೆಗೆದು, ನನ್ನನ್ನು ನೋಡಿ, ಮತ್ತೆ ಕಿವಿಗೇ ಇಟ್ಟ. ಆಮೇಲೆ ನನ್ನ ಪ್ರಸಿದ್ಧ ಪ್ಲಗ್ಗಿನ ಲೆಕ್ಕ ಬರೆಸಿದ. ಇಂಡಕ್ಷನ್ 2000 ವ್ಯಾಟು, ಕೆಟಲ್ 1500, ಮಿಕ್ಸಿ 750, ಫ್ರಿಜ್ಜು 150: ಒಟ್ಟು 4400. ಅದನ್ನು 230 ವೋಲ್ಟಿನಿಂದ ಭಾಗಿಸಿದರೆ 19 ಆಂಪಿಯರು. 5 ಆಂಪಿಯರಿನ ಸಾಕೆಟ್ಟು. ಹತ್ತು ಆಂಪಿಯರನ್ನು ಏದುಸಿರು ಬಿಡುತ್ತ ಹೊರಬಲ್ಲ, ಐವತ್ತು ವರ್ಷದ ವೈರು. ಅದರ ಮೇಲೆ ಬಚ್ಚಲಿನ ಗೀಸರ್ ಇನ್ನೊಂದು 2000; ಅದೂ ಸೇರಿದರೆ ಮನೆಯ ಮೊತ್ತ 28ರ ಹತ್ತಿರ. 16ರ ಎಂಸಿಬಿ ನರಕ ಚತುರ್ದಶಿಯ ದಿನ ಏಳು ಸಲ ಬಾಯಿ ಬಡಿದುಕೊಂಡದ್ದು ಇದಕ್ಕೆ. 32ಕ್ಕೆ ಇದು ಲೆಕ್ಕಕ್ಕೇ ಇಲ್ಲ, ಅದು ನಿದ್ದೆ ಮಾಡುತ್ತಿತ್ತು.

“ಎಂಸಿಬಿ ಇರೋದು ನಿಮ್ಮನ್ನ ಕಾಯೋಕಲ್ಲ, ಮಿಕ್ಸಿ ಕಾಯೋಕಲ್ಲ. ಗೋಡೆ ಮೇಲಿರೋ ವೈರು ಕಾಯೋಕೆ. ವೈರು ಎಷ್ಟು ಹೊರುತ್ತೋ ಅಷ್ಟಕ್ಕೇ ಅದು. ಕಾವಲು ನಾಯಿ ಬೊಗಳುತ್ತೆ ಅಂತ ನಾಯಿ ಮಾರಿ ಬೊಂಬೆ ತಂದು ಕಟ್ಟಿದೀರಿ.”

ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಾಗುತ್ತದೆ ಎಂದೂ ಹೇಳಿದ. ಇದು ಜೌಲ್ ಎಂಬವನು 1840ರ ದಶಕದಲ್ಲೇ ಕಂಡುಹಿಡಿದ ನಿಯಮ, ಎಸ್ಸೆಸ್ಸೆಲ್ಸಿಯಲ್ಲಿ ಐದು ಅಂಕಕ್ಕೆ ನಾನೇ ಬರೆದಿದ್ದೆ. ಆಗ ಅದು ಪುಸ್ತಕದಲ್ಲಿತ್ತು, ಫ್ರಿಜ್ಜಿನ ಹಿಂದೆ ಇರಲಿಲ್ಲ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ, ಅರ್ಜಿ ಹಾಕಿದವನ ತೀರಿಸುವ ಶಕ್ತಿ ನೋಡದೆ ಒಂದು ಹೊಲಿಗೆ ಯಂತ್ರಕ್ಕೂ ಸಾಲ ಕೊಡದವನು ನಾನು. ಮನೆಗೆ ಬಂದು, ಹತ್ತು ಹೊರುವ ಬಡಪಾಯಿಯ ಮೇಲೆ ಹತ್ತೊಂಬತ್ತು ಹೇರಿದ್ದೆ. ಪ್ರತಿ ತಿಂಗಳೂ ಬಿಲ್ಲಿನಲ್ಲಿ ‘ಮಂಜೂರಾದ ಲೋಡು 2 ಕಿಲೋವ್ಯಾಟ್’ ಎಂದು ಅಚ್ಚಾಗಿ ಬರುತ್ತಿತ್ತು. ನಾನು ಓದುತ್ತಿದ್ದುದು ಕೆಳಗಿನ ಮೊತ್ತ ಮಾತ್ರ. ಗೃಹಜ್ಯೋತಿ ಬಂದ ಮೇಲೆ ಅದೂ ಸೊನ್ನೆ. ಓದಲು ಏನೂ ಉಳಿಯಲಿಲ್ಲ. 200 ಯೂನಿಟ್ ದಾಟದಂತೆ ನಾನು ಇಟ್ಟ ಲೆಕ್ಕ ಎಂಥ ಆಡಿಟರನೂ ಮೆಚ್ಚುವಂಥದು. ಆದರೆ ಯೂನಿಟ್ ತಿಂಗಳ ಲೆಕ್ಕ. ವೈರಿಗೆ ತಿಂಗಳು ಗೊತ್ತಿಲ್ಲ. ಬೆಳಿಗ್ಗೆ ಏಳೂವರೆ ಗೊತ್ತು.

“ದಿನಾ ಪೇಪರಲ್ಲಿ ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಅಂತ ಬರತ್ತಲ್ಲ, ಅದೇನಾ ಇದು?” ಎಂದು ಕೇಳಿದೆ. ಅದು ರಾತ್ರಿ ಕಿಟಕಿಯಿಂದ ನುಗ್ಗುವ ಕಳ್ಳನ ಹಾಗೆ ಹೊರಗಿನಿಂದ ಬರುವುದೆಂದು ನನ್ನ ತಿಳಿವಳಿಕೆ.

“ಅದು ಕೊನೇ ಸೀನು ಸ್ವಾಮಿ. ಮೊದಲು ಕಾಯ್ತದೆ, ಮೇಲಿನ ಪ್ಲಾಸ್ಟಿಕ್ ಹಪ್ಪಳ ಆಗ್ತದೆ, ಉದುರ್ತದೆ. ಆಮೇಲೆ ಫೇಸು ನ್ಯೂಟ್ರಲ್ ಎರಡೂ ಮುಟ್ಟಿಕೊಂಡ್ರೆ ಶಾರ್ಟು. ಪೇಪರ್‌ನೋರು ಕೊನೇ ಸೀನಿಗೆ ಬರ್ತಾರೆ.” ಹೇಳುತ್ತ ವೈರನ್ನು ಬೆರಳಲ್ಲಿ ಉಜ್ಜಿದ. ನಿಜಕ್ಕೂ ಹಪ್ಪಳ. ಪುಡಿಯಾಗಿ ಅವನ ಅಂಗೈಗೆ ಬಿತ್ತು, ಅದರ ಜೊತೆ ಒಂದು ಜಿರಲೆಯ ರೆಕ್ಕೆ ಮತ್ತು, ಗೋಡೆಯ ಪೆಟ್ಟಿಗೆಯ ತಳದಿಂದ, ಮದ್ದಿಲ್ಲದ ಒಂದು ಬೆಂಕಿಕಡ್ಡಿ. ಅಪ್ಪನದು.

ಮೀನಿನ ಗುಟ್ಟನ್ನು ಒಡೆದದ್ದು ರಸಾಯನಶಾಸ್ತ್ರ ಪಾಠ ಮಾಡುವ ಮಗಳು, ಫೋನಿನಲ್ಲಿ. ಸ್ವಿಚ್ಚು ಸಾಕೆಟ್ಟುಗಳ ಕೆಲವು ಬಗೆಯ ಪ್ಲಾಸ್ಟಿಕ್ ಅತಿಯಾಗಿ ಕಾದರೆ ಅಮೀನ್ ಎಂಬ ಜಾತಿಯ ಅನಿಲ ಬಿಡುತ್ತವಂತೆ. ಮೀನಿನ ವಾಸನೆಗೆ ಕಾರಣವೂ ಅದೇ ಜಾತಿಯದಂತೆ. “ಮನೇಲಿ ಮೀನೇ ಇಲ್ಲದೆ ಮೀನಿನ ವಾಸನೆ ಬಂದರೆ ಮೊದಲು ಮೈನ್ ಆಫ್ ಮಾಡ್ಬೇಕಪ್ಪ. ನೀವು ಪಂಚಾಂಗ ನೋಡ್ತಾ ಕೂತಿದ್ರಾ?” ಅಂದಳು. ಹುಡುಗ ಏಕಾದಶಿಗೇ ಹುರಿಯುತ್ತಾನೆ ಎಂಬ ಅಮ್ಮನ ಸಂಶೋಧನೆಯಲ್ಲಿ ತಿಥಿಯ ಭಾಗ ಪೂರ್ತಿ ಸರಿಯಾಗಿತ್ತು. ಏಕಾದಶಿಗೇ ನಮ್ಮ ಅಡುಗೆಮನೆಯಲ್ಲಿ ಎಲ್ಲ ಸಾಮಾನೂ ಒಟ್ಟಿಗೆ ಓಡುತ್ತಿದ್ದವು. ಮೀನು ಹುರಿಯುತ್ತಿದ್ದವನು ನಾನು.

ಮನೆಯ ವೈರನ್ನೆಲ್ಲ ಕಿತ್ತು ಹೊಸದು ಎಳೆಸಿದ್ದಾಯಿತು. ಅಡುಗೆಮನೆಯ ಪವರ್ ಪಾಯಿಂಟುಗಳಿಗೇ ಪ್ರತ್ಯೇಕ ತಾಮ್ರದ ವೈರು, ಗೀಸರಿಗೆ ಇನ್ನೂ ದಪ್ಪನೆಯದು, ಒಂದೊಂದಕ್ಕೂ ಅದರದರ ಎಂಸಿಬಿ. ಲೋಡು ಹೆಚ್ಚಿಸಲು ಅರ್ಜಿ ಕೊಟ್ಟೆವು. ಇಪ್ಪತ್ತು ದಿನ ಮನೆಯಲ್ಲಿ ಸಿಮೆಂಟಿನ ಧೂಳಿನ ಉಪ್ಪಿಟ್ಟು ತಿಂದೆವು. ಈ ಮೈಸೂರು ಸೀಮೆಯವರು 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ, ನೂರೈವತ್ತು ಕಿಲೋಮೀಟರಿನ ಹತ್ತಿರ, ಕರೆಂಟು ಸಾಗಿಸಿದವರು ಎಂದು ನಾನು ಎಲೆಕ್ಟ್ರಿಷಿಯನ್ನಿಗೆ ಹೆಮ್ಮೆಯಿಂದ ಹೇಳಲು ಹೋದೆ. “ಹೌದು ಸ್ವಾಮಿ. ನೀವು ಫ್ರಿಜ್ಜಿಂದ ಒಲೆಗೆ ಮೂರಡಿ ಸಾಗಿಸೋಕೆ ಹೋಗಿ ಹಿಂಗಾಯ್ತು” ಅಂದ. ಅರಮನೆಯ ಬಲ್ಬಿನ ವಿಚಾರವನ್ನು ಆಮೇಲೆ ನಾನು ಎತ್ತಲಿಲ್ಲ.

ಹೊಸ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಎಂಬ ಇನ್ನೊಬ್ಬ ಕಾವಲುಗಾರನಿದ್ದಾನೆ. 30 ಮಿಲಿಆಂಪಿಯರ್ ಕರೆಂಟು ದಾರಿ ತಪ್ಪಿದರೂ, ಅಂದರೆ ಯಾರದಾದರೂ ಮೈಮೂಲಕ ನೆಲಕ್ಕೆ ಹೊರಟರೂ, ಕ್ಷಣದಲ್ಲಿ ಬಾಗಿಲು ಹಾಕುತ್ತಾನೆ. ಮೊದಲ ದಿನವೇ ಅಮ್ಮನ ಗ್ರೈಂಡರ್ ಹಾಕಿದ ಕೂಡಲೇ ಟಕ್. ಬಿಚ್ಚಿ ನೋಡಿದರೆ ಅದರ ಮೈಗೆ ಎಷ್ಟೋ ಕಾಲದಿಂದ ಕರೆಂಟು ಸೋರುತ್ತಿತ್ತು. ಹಳೆಯ ಪ್ಲಗ್ಗಿಗೆ ಅರ್ತ್ ಇರಲೇ ಇಲ್ಲ.

“ಅಜ್ಜಿ, ಇಷ್ಟು ದಿನ ನಿಮಗೆ ಜುಮ್ ಅಂತಿರಲಿಲ್ವಾ?” ಎಂದು ಎಲೆಕ್ಟ್ರಿಷಿಯನ್ ಕೇಳಿದ.

“ಅನ್ನದೇ ಏನು? ವಾತಕ್ಕೆ ಒಳ್ಳೇದು ಅಂತ ಎರಡು ನಿಮಿಷ ಹಿಡ್ಕೊಂಡೇ ಇರ್ತಿದ್ದೆ.”

ಅರ್ತ್ ಮಾಡಿಸಿದ ಮೇಲೆ ಅವಳ ಬಲಮೊಣಕೈ ನೋವು ಹೆಚ್ಚಾಯಿತೆಂದು ಈಗಲೂ ದೂರುತ್ತಾಳೆ. ಪೆಟ್ಟಿಗೆಯ ಒಂದೊಂದು ಸ್ವಿಚ್ಚಿನ ಕೆಳಗೂ ಹೆಂಡತಿ ತನ್ನ ದುಂಡು ಅಕ್ಷರದಲ್ಲಿ ಚೀಟಿ ಅಂಟಿಸಿದ್ದಾಳೆ: ಅಡುಗೆ 1, ಅಡುಗೆ 2, ಗೀಸರ್, ದೇವರಮನೆ. ಪೆಟ್ಟಿಗೆಯ ಬಾಗಿಲ ಮೇಲೆ ಒಂದು ದೊಡ್ಡ ಚೀಟಿ: ‘ಇವರು ಮುಟ್ಟಕೂಡದು.’ ಟೆಸ್ಟರ್ ಮೂರೂ ಈಗ ಎಲ್ಲಿವೆಯೋ ಗೊತ್ತಿಲ್ಲ. ಮುಂದಿನ ನಾಲ್ಕು ಕ್ಯಾಲೆಂಡರಿಗೂ ಬೇರೆ ಬೇರೆ ಮೊಳೆ ಹೊಡೆದಾಗಿದೆ.

ಶಿವರಾತ್ರಿ ಕಳೆದ ಒಂದು ಭಾನುವಾರ ಸಂಜೆ. ಹೆಂಡತಿ ಹೂ ಕಟ್ಟುತ್ತಿದ್ದಳು, ನಾನು ಪದಬಂಧದಲ್ಲಿದ್ದೆ. ಅಮ್ಮನ ಜಪಮಣಿ ನಿಂತಿತು.

“ಮೀನು!”

ನಾಲ್ಕೇ ಹೆಜ್ಜೆಗೆ ನಾನು ಮೈನ್ ಎಳೆದಿದ್ದೆ. ಈಗ ಯಾವ ಕಡೆ ಎಂದು ಯೋಚಿಸಬೇಕಿಲ್ಲ. ಹೆಂಡತಿ ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿ ಅಮ್ಮನ ತೋಳು ಹಿಡಿದು ಅಂಗಳಕ್ಕೆ ತಂದಳು. ಅಮ್ಮನ ಕೈಯಲ್ಲಿ ಸಾಲಿಗ್ರಾಮದ ಸಂಪುಟ, ಕಂಕುಳಲ್ಲಿ ಪಿಂಚಣಿಯ ಪಾಸ್‌ಬುಕ್ಕು. ಬೀದಿಯೆಲ್ಲ ದೀಪ, ನಮ್ಮ ಮನೆಯೊಂದು ಕತ್ತಲು. ಮೂವರೂ ಮೂಗು ಮೇಲೆ ಮಾಡಿ ನಿಂತೆವು. ವಾಸನೆ ಬರುತ್ತಲೇ ಇತ್ತು. ಖಾರ, ಹುಣಸೆ, ತೆಂಗಿನೆಣ್ಣೆ. ಸಾಕೆಟ್ಟಿಗೆ ಇಷ್ಟು ಮಸಾಲೆ ಎಲ್ಲಿಂದ ಬಂತು?

ಮೆಟ್ಟಿಲ ತುದಿಯಲ್ಲಿ ಹುಡುಗ ಕಾಣಿಸಿದ. ಕೈಯಲ್ಲಿ ಸಟ್ಟುಗ.

“ಎಂತ ಆಯ್ತು ಸರ್? ಕರೆಂಟ್ ಹೋಯ್ತಾ? ನಮ್ಮಲ್ಲಿ ಉಂಟಲ್ಲ.” ನಮ್ಮ ಮೂವರ ಮೂಗು ನೋಡಿ ಅವನಿಗೆ ಅರ್ಥವಾಯಿತು. ಸಟ್ಟುಗವನ್ನು ಬೆನ್ನ ಹಿಂದೆ ಅಡಗಿಸಿದ. “ಸರ್... ಇವತ್ತಿನದು ನಾನೇ. ಊರಿಂದ ಅಮ್ಮ ಐಸಲ್ಲಿಟ್ಟು ಕಳಿಸಿದ್ರು. ಬಂಗುಡೆ.”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಎರಡು ಹೆಜ್ಜೆ ಮುಂದೆ ಹೋದಳು.

“ನಿಜವಾದ ಮೀನೇನೋ?”

“ಹೌದು ಅಜ್ಜಿ. ನಿಜವಾದ್ದೇ.”

“ಸದ್ಯ!” ಅಮ್ಮ ಸಂಪುಟವನ್ನು ಕಣ್ಣಿಗೊತ್ತಿಕೊಂಡಳು. “ಹುರ್ಕೋ ಮಗು, ನಿಧಾನವಾಗಿ ಹುರ್ಕೋ. ನೀನೇನೋ ಗಾಬರಿ ಬೀಳಿಸಿಬಿಟ್ಟೆ” ಎಂದು, ಹೆಂಡತಿಯ ತೋಳು ಹಿಡಿದು, ಕತ್ತಲೆಯ ಮನೆಯೊಳಕ್ಕೆ ಹೊರಟಳು.